ಮೂರು ಮಾನಿಟರ್ ಇಳಿಸಿ ಒಂದು 43 ಇಂಚಿನ ಟೀವಿ ಏರಿಸಿದ್ದು: ಒಬ್ಬ ಡಿಟಿಪಿಯವನ ಅನುಭವ

"ಟೀವಿ ಮುಂದೆ ಕೂತು ಪುಸ್ತಕ ಕಟ್ತೀಯೇನಯ್ಯಾ?" ಎಂದು ಚಾಮರಾಜಪೇಟೆಯ ಪ್ರೆಸ್ಸಿನ ಮಿತ್ರ ನಕ್ಕಿದ್ದು 2022ರಲ್ಲಿ. ಮೊನ್ನೆ ಅವನೇ ಟೇಪು ಹಿಡಿದು ಮನೆಗೆ ಬಂದ. ನನ್ನ ಮೇಜಿನ ಉದ್ದ ಅಗಲ ಬರೆದುಕೊಂಡ, ಕಾಫಿ ಕುಡಿದ, ಹೋದ. ಅವತ್ತು ನಕ್ಕಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಕೆದಕಲಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ, ಅಷ್ಟೇ.

ನಾನು 2001ರಿಂದ ಡಿಟಿಪಿ, ಅಂದ್ರೆ ಕಂಪ್ಯೂಟರಿನಲ್ಲಿ ಪುಸ್ತಕದ ಪುಟ ಕಟ್ಟುವ ಕೆಲಸ, ಮಾಡುತ್ತಿದ್ದೇನೆ. 14 ಇಂಚಿನ ಡಬ್ಬಾ ಮಾನಿಟರಿನಲ್ಲಿ ಶುರು ಮಾಡಿದವನು. ಈಗ ಹನುಮಂತನಗರದಲ್ಲಿ ಮನೆಯಲ್ಲೇ ಕೆಲಸ. ಕಾದಂಬರಿ, ಕವನ ಸಂಕಲನ, ಅಭಿನಂದನ ಗ್ರಂಥ, ಸಂಘಗಳ ಸ್ಮರಣ ಸಂಚಿಕೆ ಜಾಸ್ತಿ. ನವೆಂಬರ್ ಬಂತೆಂದರೆ ಹಗಲು ರಾತ್ರಿ ಗೊತ್ತಾಗುವುದಿಲ್ಲ. ಈ ಕೆಲಸದಲ್ಲಿ ಒಂದೇ ವಿಂಡೋ ತೆರೆದು ಕೂರಲು ಆಗುವುದಿಲ್ಲ, ನಿಮಗೇ ಗೊತ್ತು. ಒಂದು ಕಡೆ ಹಸ್ತಪ್ರತಿಯ ಸ್ಕ್ಯಾನ್, ಒಂದು ಕಡೆ ಪುಟ, ಇನ್ನೊಂದು ಕಡೆ ಲೇಖಕರು ಕಳಿಸಿದ ಕರೆಕ್ಷನ್ ಫೈಲು. ಇದರ ಮೇಲೆ ವಾಟ್ಸಾಪ್ ಬೇರೆ. ಕೆಲವರು ಕರೆಕ್ಷನ್ನನ್ನು ವಾಯ್ಸ್ ಮೆಸೇಜಿನಲ್ಲೇ ಹೇಳುತ್ತಾರೆ, ಹಿಂದೆ ಕುಕ್ಕರ್ ಕೂಗುತ್ತಿರುತ್ತದೆ.

2014ರಲ್ಲಿ ಎರಡನೇ ಮಾನಿಟರ್ ಬಂತು, 2019ರಲ್ಲಿ ಮೂರನೆಯದು. ನಡುವೆ 24 ಇಂಚು, ಎಡಕ್ಕೆ 22, ಬಲಕ್ಕೆ ಎಸ್.ಪಿ. ರಸ್ತೆಯಲ್ಲಿ ಸಿಕ್ಕ 19 ಇಂಚಿನ ಸೆಕೆಂಡ್ ಹ್ಯಾಂಡ್ ಚೌಕದ್ದು. ಮೂರಕ್ಕೂ ಸೇರಿ 19-20 ಸಾವಿರ ಹೋಗಿರಬೇಕು. ನೋಡಿದವರೆಲ್ಲ ಷೇರು ಮಾರ್ಕೆಟ್ ಆಫೀಸಿದ್ದ ಹಾಗಿದೆ ಎನ್ನುತ್ತಿದ್ದರು. ನನಗೂ ಹೆಮ್ಮೆಯೇ ಇತ್ತು.

ಆದರೆ ಮೂರರ ಎತ್ತರ ಮೂರು ತರಹ. ಮೌಸ್ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಂದೇ ಕೆಂಪು ಒಂದರಲ್ಲಿ ಕುಂಕುಮ, ಒಂದರಲ್ಲಿ ಇಟ್ಟಿಗೆ, ಇನ್ನೊಂದರಲ್ಲಿ ಟೊಮೇಟೊ. ಅದನ್ನೆಲ್ಲ ಸಹಿಸಬಹುದಿತ್ತು, ಕುತ್ತಿಗೆ ಸಹಿಸಲಿಲ್ಲ. ಹಸ್ತಪ್ರತಿ ಯಾವಾಗಲೂ ಬಲಕ್ಕೇ ಇರುತ್ತಿತ್ತು. ಪ್ರತಿ ಸಾಲಿಗೂ ಬಲಕ್ಕೆ ತಿರುಗಬೇಕು, ವಾಪಸ್ ಬರಬೇಕು. 2021ರ ಹೊತ್ತಿಗೆ ಸ್ಕೂಟರ್ ಮೇಲೆ ಹಿಂದೆ ನೋಡಬೇಕಾದರೆ ಇಡೀ ಮೈ ತಿರುಗಿಸುವ ಸ್ಥಿತಿ. ಫಿಸಿಯೋಥೆರಪಿಗೆ ಹತ್ತು ಸಿಟ್ಟಿಂಗ್, ಸುಮಾರು 5 ಸಾವಿರ. ಮಾನಿಟರ್ ಲೆಕ್ಕಕ್ಕೆ ಇದನ್ನೂ ಸೇರಿಸಬೇಕು, ಅಲ್ವಾ?

ಮಧ್ಯೆ ಮಾಡಿದ ಚಿಲ್ಲರೆ ಪ್ರಯೋಗ ಎರಡು. ಮೊದಲನೆಯದು, 19 ಇಂಚನ್ನು ಉದ್ದಕ್ಕೆ ನಿಲ್ಲಿಸಿದ್ದು. ಎ4 ಹಸ್ತಪ್ರತಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ ಎಂದುಕೊಂಡೆ. ಅದು ಹಳೆಯ ಟಿಎನ್ ಪ್ಯಾನೆಲ್, ನೇರಕ್ಕೆ ನೋಡದಿದ್ದರೆ ಬಣ್ಣ ಬದಲಾಗುವ ಜಾತಿ. ಹಾಗೆ ನಿಲ್ಲಿಸಿದರೆ ಎಡಗಣ್ಣಿಗೆ ಒಂದು ಬಣ್ಣ, ಬಲಗಣ್ಣಿಗೆ ಇನ್ನೊಂದು. ಅರ್ಧ ಗಂಟೆಗೆ ತಲೆ ಸುತ್ತು. ಸಾಲದ್ದಕ್ಕೆ ವಿಂಡೋಸಿನ ಕ್ಲಿಯರ್‌ಟೈಪ್ ಕೂಡ ಕೆಟ್ಟಿತು. ಅದು ಅಕ್ಷರವನ್ನು ನಯ ಮಾಡುವುದೇ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಪಟ್ಟಿ ಪಕ್ಕಪಕ್ಕ ಇವೆ ಎಂದುಕೊಂಡು. ಪರದೆ ತಿರುಗಿಸಿದಾಗ ಆ ಪಟ್ಟಿಗಳು ಒಂದರ ಮೇಲೊಂದು ಬಂದವು, ಅಕ್ಷರದ ಅಂಚು ಒರಟಾಯಿತು.

ಎರಡನೆಯದು 34 ಇಂಚಿನ ಅಲ್ಟ್ರಾವೈಡ್. ಅಕ್ಕನ ಮಗನದ್ದು, ಒಂದು ವಾರಕ್ಕೆ ಕಡ ತಂದಿದ್ದೆ. ನೋಡಲು ಬಲು ಚೆಂದ. ಆದರೆ ಎತ್ತರ ಅಳೆದರೆ ಸುಮಾರು 13 ಇಂಚು, ಅಂದ್ರೆ 27 ಇಂಚಿನ ಮಾನಿಟರಿನಷ್ಟೇ. ಎಕ್ಸೆಲ್ ಮಾಡುವವರಿಗೆ ಅಗಲ ಬೇಕು. ಪುಸ್ತಕ ಕಟ್ಟುವವನಿಗೆ ಎತ್ತರ ಬೇಕು. ವಾರ ಮುಗಿಯುವ ಮೊದಲೇ ವಾಪಸ್ ಕೊಟ್ಟೆ.

ಆಗ ಪೇಪರ್ ಮೇಲೆ ಒಂದು ಲೆಕ್ಕ ಹಾಕಿದೆ. ನಮ್ಮ ಪುಸ್ತಕಗಳ ಮಾಮೂಲಿ ಅಳತೆಯಾದ ಡೆಮಿ 1/8 ಪುಟ ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. ಜೋಡಿ ಪುಟ ಅಂದರೆ 11 ಇಂಚು ಅಗಲ. 24 ಇಂಚಿನ ಮಾನಿಟರಿನ ಎತ್ತರ 12 ಇಂಚಿಗೂ ಕಡಿಮೆ. ಟೂಲ್‌ಬಾರ್, ಟಾಸ್ಕ್‌ಬಾರ್ ಬಿಟ್ಟರೆ ಜೋಡಿ ಪುಟ ಇದ್ದಷ್ಟೇ ಅಳತೆಯಲ್ಲಿ ಕಾಣುತ್ತದೆ, ಹಿಗ್ಗಿಸಿದರೆ ಅಡಿಟಿಪ್ಪಣಿ ಕೆಳಗೆ ಬಿದ್ದುಹೋಗುತ್ತದೆ. 43 ಇಂಚು ಸುಮಾರು 37 ಅಗಲ, 21 ಎತ್ತರ. ಅದರಲ್ಲಿ ಜೋಡಿ ಪುಟವನ್ನು ಎರಡರಷ್ಟು ಮಾಡಿದರೂ 22 ಅಗಲ, 17 ಎತ್ತರ. ಪಕ್ಕದಲ್ಲಿ ಇನ್ನೂ 15 ಇಂಚು ಹಸ್ತಪ್ರತಿಗೆ ಖಾಲಿ! ಆ ಲೆಕ್ಕದ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

"32 ಇಂಚಿನ 4ಕೆ ತಗೋ, ಅಕ್ಷರ ಇನ್ನೂ ನಯ" ಎಂದರು ಎಲ್ಲರೂ. 4ಕೆ ಅಂದ್ರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಪಿಕ್ಸೆಲ್, ನಯ ಹೌದು. ಆದರೆ ಅಷ್ಟು ಚಿಕ್ಕದರಲ್ಲಿ 4ಕೆ ಇದ್ದರೆ ವಿಂಡೋಸಿನಲ್ಲಿ ಸ್ಕೇಲಿಂಗ್, ಅಂದ್ರೆ ಎಲ್ಲವನ್ನೂ ಹಿಗ್ಗಿಸಿ ತೋರಿಸುವುದು, ಶೇಕಡ 125 ಅಥವಾ 150 ಮಾಡಲೇಬೇಕು. ನನ್ನ ಹಳೆಯ ಗಿರಾಕಿಗಳ ಫೈಲೆಲ್ಲ ಪೇಜ್‌ಮೇಕರ್ 7ರಲ್ಲಿವೆ. ಅದು ಪುಟ ಕಟ್ಟುವ 2001ರ ಸಾಫ್ಟ್‌ವೇರ್, ಸ್ಕೇಲಿಂಗ್ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. 150 ಇಟ್ಟರೆ ನುಡಿ ತಂತ್ರಾಂಶದ ಕನ್ನಡ ಅಕ್ಷರವೆಲ್ಲ ಮಂಜು ಕವಿದ ಹಾಗೆ. 43 ಇಂಚಿನ 4ಕೆಯಲ್ಲಿ ಇಂಚಿಗೆ ಸುಮಾರು 102 ಪಿಕ್ಸೆಲ್. ಅಂದ್ರೆ ಇಪ್ಪತ್ತೊಂದೂವರೆ ಇಂಚಿನ ನಾಲ್ಕು ಫುಲ್ ಎಚ್‌ಡಿ ಮಾನಿಟರ್‌ಗಳನ್ನು ನಡುವೆ ಪಟ್ಟಿಯೇ ಇಲ್ಲದೆ ಅಂಟಿಸಿದ ಹಾಗೆ. ಸ್ಕೇಲಿಂಗ್ 100ರಲ್ಲೇ ಇರುತ್ತದೆ, ಪೇಜ್‌ಮೇಕರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. 55 ಇಂಚಿಗೆ ಹೋದರೆ ಇಂಚಿಗೆ 80ಕ್ಕೆ ಇಳಿಯುತ್ತದೆ, ಪಿಕ್ಸೆಲ್ ಕಣ್ಣಿಗೆ ಚುಚ್ಚುತ್ತದೆ. ನನ್ನ ಮಟ್ಟಿಗೆ 43 ಬಿಟ್ಟು ಬೇರೆ ಅಳತೆ ಇಲ್ಲ.

ಇಷ್ಟು ಜಾಣ ಲೆಕ್ಕ ಹಾಕಿದವನು ಅಂಗಡಿಯಲ್ಲಿ ದಡ್ಡನಾದೆ. 43 ಇಂಚಿನ ಮಾನಿಟರ್ ಎಂದೇ ಮಾರುವುದಕ್ಕೆ ಆಗ 50 ಸಾವಿರದ ಹತ್ತಿರ. ಟೀವಿ ಅರ್ಧ ಬೆಲೆಗೆ ಸಿಗುತ್ತಿತ್ತು. ಸುಮಾರು 22 ಸಾವಿರ ಕೊಟ್ಟು ಒಂದು ತಂದೆ. ನನ್ನ ಹಳೆಯ ಕಂಪ್ಯೂಟರಿನ ಎಚ್‌ಡಿಎಂಐ ಪೋರ್ಟು (ಪರದೆಯ ಕೇಬಲ್ ಚುಚ್ಚುವ ಕಿಂಡಿ) 1.4 ಆವೃತ್ತಿಯದ್ದು, 4ಕೆಯಲ್ಲಿ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಿಸುತ್ತದೆ. ಮೌಸ್ ಬೆಲ್ಲದ ಪಾಕದಲ್ಲಿ ಸಿಕ್ಕಿದ ಇರುವೆ ಹಾಗೆ ಎಳೆಯುತ್ತಿತ್ತು. ಮೂರೂವರೆ ಸಾವಿರಕ್ಕೆ ಒಂದು ಹಳೆಯ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ. 60 ಬಂತು, ಮೌಸ್ ಓಡಿತು. ಆದರೆ ಅಕ್ಷರ ಕೆಟ್ಟಿತು.

ಆ ಟೀವಿ 60ರಲ್ಲಿ 4:2:0 ಮಾತ್ರ ತೆಗೆದುಕೊಳ್ಳುತ್ತಿತ್ತು. ಅಂದ್ರೆ ಕಪ್ಪು ಬಿಳುಪಿನ ವಿವರ ಪೂರ್ತಿ ಬರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದೇ. ಸಿನಿಮಾ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಬಿಳಿ ಮೇಲೆ ಕಪ್ಪು ಅಕ್ಷರವೂ ನಡೆಯುತ್ತದೆ. ನಾನು ಕಣ್ಣಿಗೆ ತಂಪು ಎಂದು ವರ್ಡಿನಲ್ಲಿ ಕಪ್ಪು ಹಿನ್ನೆಲೆ ಇಟ್ಟುಕೊಂಡಿದ್ದೆ. ಲೇಖಕರ ಕರೆಕ್ಷನ್ ಕೆಂಪಿನಲ್ಲಿ. ಕಪ್ಪಿನ ಮೇಲೆ ಕೆಂಪು ಈ ರೋಗಕ್ಕೆ ಮೊದಲ ಬಲಿ. ಅಕ್ಷರದ ಸುತ್ತ ಕೆಂಪು ಹರಡಿಕೊಳ್ಳುತ್ತದೆ. ಧ ಅಕ್ಷರದ ಕೆಳಗಿನ ಸೀಳು ಮುಚ್ಚಿಹೋಗಿ ದ ಆಗುತ್ತದೆ, ಥ ಒಳಗಿನ ಚುಕ್ಕೆ ಕರಗುತ್ತದೆ. ಒಂದು ಸಂಘದ ಸ್ಮರಣ ಸಂಚಿಕೆ. "ದನಸಹಾಯ ಮಾಡಿದ ಮಹನೀಯರು" ಎಂದು ಟೈಪಾಗಿತ್ತು. ಪ್ರೂಫ್ ನೋಡಿದವರು ಕೆಂಪಿನಲ್ಲಿ ಸರಿಯಾಗಿಯೇ ತಿದ್ದಿದ್ದರು. ನನ್ನ ಪರದೆಯಲ್ಲಿ ಎರಡೂ ಒಂದೇ ತರಹ ಕಂಡವು. ಇವರು ಸುಮ್ನೆ ಯಾಕೆ ಕೆಂಪು ಮಾಡಿದ್ದಾರೆ ಎಂದು ದಾಟಿಸಿಬಿಟ್ಟೆ. ಅಚ್ಚಾಯಿತು. ಅದರ ಕೆಳಗೆ ನಲವತ್ತು ದಾನಿಗಳ ಫೋಟೋ!

16 ಪುಟದ ಒಂದು ಫಾರಂ ಮತ್ತೆ ಹಾಕಿಸಬೇಕಾಯಿತು, 500 ಪ್ರತಿಗೆ. ಪ್ಲೇಟು, ಪೇಪರ್ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ ನನ್ನ ಜೇಬಿನಿಂದ. ಪ್ರೆಸ್ಸಿನ ಮಿತ್ರ ಎರಡನೇ ಸಲ ನಕ್ಕಿದ್ದು ಆಗ. ಆ ಟೀವಿಯನ್ನು ತಂಗಿ ಮನೆಗೆ 14 ಸಾವಿರಕ್ಕೆ ಕೊಟ್ಟೆ. ಅಲ್ಲಿ ಅದು ಧಾರಾವಾಹಿಗಳನ್ನು ಚೆನ್ನಾಗಿಯೇ ತೋರಿಸುತ್ತಿದೆ, ಅದರ ತಪ್ಪೇನೂ ಇಲ್ಲ.

2023ರಲ್ಲಿ ಎರಡನೇ ಸಲ ಹೋದಾಗ ನನ್ನ ಡಬ್ಬಾ ಕಂಪ್ಯೂಟರನ್ನೇ ಚೀಲದಲ್ಲಿ ಹೊತ್ತುಕೊಂಡು ಹೋದೆ. ಒಂದು ಪುಟ ಮಾಡಿಟ್ಟುಕೊಂಡಿದ್ದೆ. ಕಪ್ಪಿನ ಮೇಲೆ ಕೆಂಪು, ನೀಲಿ, ನೇರಳೆ ಅಕ್ಷರ, 9 ಪಾಯಿಂಟ್: ಧ, ಥ, ಭ, ಫ, ಷ್ಟ್ರ, ಸ್ತ್ರೀ. ಅಂಗಡಿಯವರು ಕ್ರಿಕೆಟ್ ಹಾಕಿ ತೋರಿಸಲು ಬಂದರು, ಬೇಡ ಅಂದೆ. ಮೂರು ಅಂಗಡಿ, ಏಳೆಂಟು ಟೀವಿ. ಎರಡರಲ್ಲಿ ಮಾತ್ರ ಥ ಒಳಗಿನ ಚುಕ್ಕೆ ಚುಕ್ಕೆಯಾಗಿಯೇ ಕಂಡಿತು. ಅಂದ್ರೆ 60ರಲ್ಲೂ 4:4:4, ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣ. ಅದರಲ್ಲಿ ಒಂದು 31 ಸಾವಿರಕ್ಕೆ ಕುದುರಿತು. ಇನ್‌ಪುಟ್ ಹೆಸರನ್ನು ಪಿಸಿ ಎಂದು ಬದಲಿಸಿದ ಮೇಲೇ ಅದೂ ಸರಿಯಾಗಿದ್ದು, ಅದಕ್ಕೆ ಮುಂಚೆ ಹೀಗೇ ಕಲಸುತ್ತಿತ್ತು. ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಡೈನಮಿಕ್ ಕಾಂಟ್ರಾಸ್ಟ್, ಎನರ್ಜಿ ಸೇವಿಂಗ್ ಎಲ್ಲ ಆಫ್ ಮಾಡಿ. ಇಲ್ಲದಿದ್ದರೆ ಬಿಳಿ ಪುಟ ತೆರೆದ ಕೂಡಲೇ ಪರದೆ ತಾನೇ ಮಂಕಾಗುತ್ತದೆ. ಅಂದ ಹಾಗೆ ನಾನು ತೆಗೆದುಕೊಂಡಾಗ 32 ಇಂಚಿಗಿಂತ ದೊಡ್ಡದಕ್ಕೆ ಜಿಎಸ್‌ಟಿ ಶೇಕಡ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಈಗ ಕೊಳ್ಳುವವರು ಅದೃಷ್ಟವಂತರು.

ಇನ್ನು ಮೇಜು. ಜನ ಸೋಲುವುದು ಇಲ್ಲೇ. ನನ್ನ ಮೇಜು ಎರಡು ಅಡಿ ಆಳ. ಅದರ ಮೇಲೆ ಸ್ಟ್ಯಾಂಡ್ ಸಮೇತ ಇಟ್ಟರೆ ಪರದೆ ಮೂಗಿಗೆ ತಾಗುವ ಹಾಗೆ. ಮೇಲಂಚು ಕಣ್ಣಿಗಿಂತ ಏಳು ಇಂಚು ಮೇಲೆ. ಸಿನಿಮಾ ಟಾಕೀಸಿನ ಮೊದಲ ಸಾಲು. ವಾರದಲ್ಲಿ ಕುತ್ತಿಗೆ ಮತ್ತೆ ಹಿಡಿಯಿತು, ಈ ಸಲ ಹಿಂದಕ್ಕೆ. ಇದನ್ನೂ ಮಾರಿಬಿಡೋಣ ಎನ್ನಿಸಿತ್ತು.

ಉಪಾಯ ಹೊಳೆದಿದ್ದು ಮೇಜನ್ನು ಗೋಡೆಯಿಂದ ಎಳೆದು ಗುಡಿಸುವಾಗ. ಸ್ಟ್ಯಾಂಡ್ ತೆಗೆದು ಟೀವಿಯನ್ನು ಗೋಡೆಗೆ ಹೊಡೆಸಿದೆ. ಮೇಜನ್ನು ಗೋಡೆಯಿಂದ ಎಂಟು ಇಂಚಿನಷ್ಟು ಮುಂದೆ ನಿಲ್ಲಿಸಿದೆ. ಈಗ ಕಣ್ಣಿಗೂ ಪರದೆಗೂ 32 ಇಂಚು. ನಡುವೆ ಸಂದು ಇರುವುದರಿಂದ ಪರದೆಯನ್ನು ಮೇಜಿನ ಮಟ್ಟಕ್ಕಿಂತ ಮೂರು ಇಂಚು ಕೆಳಗೇ ಇಳಿಸಬಹುದು. ಕೂತು ನೋಡಿದರೆ ಕೆಳಗಿನ ಸಾಲೂ ಮರೆಯಾಗುವುದಿಲ್ಲ, ಮೇಲಂಚು ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಬ್ರಾಕೆಟ್ಟು, ಬಡಗಿ ಸೇರಿ 1,800. ಮಿತ್ರ ಮೊನ್ನೆ ಅಳೆದುಕೊಂಡು ಹೋಗಿದ್ದು ಮೇಜನ್ನು ಮಾತ್ರ. ಸಂದಿನಲ್ಲಿ ಬಗ್ಗಿ ನೋಡಲಿಲ್ಲ.

ಪರದೆಯನ್ನು ಹಂಚಲು ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಇದೆ, ಪುಕ್ಕಟೆ. ಅದರಲ್ಲಿ ಫ್ಯಾನ್ಸಿಜೋನ್ಸ್. ಶಿಫ್ಟ್ ಒತ್ತಿ ವಿಂಡೋ ಎಳೆದರೆ ಅದರ ಮನೆಯಲ್ಲಿ ಹೋಗಿ ಕೂರುತ್ತದೆ. ನನ್ನದರಲ್ಲಿ ನಾಲ್ಕು ಮನೆ. ಬಲಕ್ಕೆ 22 ಇಂಚು ಜೋಡಿ ಪುಟಕ್ಕೆ, ಎಡಕ್ಕೆ ಮೇಲೆ ಹಸ್ತಪ್ರತಿ, ಅದರ ಕೆಳಗೆ ಕರೆಕ್ಷನ್. ನಾಲ್ಕನೆಯದು ಎಲ್ಲಿದೆ, ಅದರಲ್ಲಿ ಏನಿಡುತ್ತೇನೆ ಎಂದು ಹೇಳುವುದಿಲ್ಲ. ನನ್ನ ವೇಗ ಇರುವುದು ಅದರಲ್ಲೇ. ಮೊದಲು 160 ಪುಟದ ಕಾದಂಬರಿಗೆ ಎರಡನೇ ಪ್ರೂಫಿನ ಕರೆಕ್ಷನ್ ಹಾಕಲು ಒಂದೂವರೆ ದಿನ ಬೇಕಿತ್ತು. ಈಗ ಬೆಳಗ್ಗೆ ತಿಂಡಿ ತಿಂದು ಕೂತರೆ ಸಂಜೆ ಕಾಫಿಗೆ ಮುಗಿಯುತ್ತದೆ. 2024ರ ನವೆಂಬರಿನಲ್ಲಿ ಮೂರು ವಾರಕ್ಕೆ ಐದು ಪುಸ್ತಕ ಹೊರಗೆ ಹೋದವು, ಒಬ್ಬನೇ ಕೂತು ಮಾಡಿದ್ದು.

ಕರೆಂಟಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದೆ. ಮೂರು ಮಾನಿಟರ್ ಸೇರಿ 60-65 ವ್ಯಾಟ್ ಎಳೆಯುತ್ತಿದ್ದವು. ಈ ಟೀವಿ ಪೂರ್ತಿ ಬೆಳಕಿನಲ್ಲಿ 85, ನಾನಿಡುವ ಶೇಕಡ 25ರ ಬೆಳಕಿನಲ್ಲಿ 50ರ ಒಳಗೆ. ಹಳೆಯ 600 ವಿಎ ಯುಪಿಎಸ್ಸೇ ಹೊರುತ್ತಿದೆ. ಪೂರ್ತಿ ಬೆಳಕಿಟ್ಟು ಕೂತರೆ ಕಣ್ಣು ಉರಿಯುತ್ತದೆ. ಟೀವಿ ಕಣ್ಣು ಹಾಳು ಮಾಡುತ್ತದೆ ಎನ್ನುವವರೆಲ್ಲ ಅದನ್ನು ಅಂಗಡಿಯಲ್ಲಿದ್ದ ಬೆಳಕಿನಲ್ಲೇ ಬಿಟ್ಟವರು.

ತೊಂದರೆ ಇಲ್ಲವೇ ಇಲ್ಲ ಎಂದೇನಲ್ಲ. ಕಂಪ್ಯೂಟರ್ ಎದ್ದರೂ ಟೀವಿ ಏಳುವುದಿಲ್ಲ, ರಿಮೋಟ್ ಹುಡುಕಬೇಕು. ಗೂಗಲ್ ಮೀಟಿನಲ್ಲಿ ಇಡೀ ಪರದೆ ಹಂಚಿದರೆ ಆ ಕಡೆಯವರಿಗೆ ಅಕ್ಷರ ಸಾಸಿವೆ ಕಾಳು, ಒಂದೇ ವಿಂಡೋ ಹಂಚಬೇಕು. ವಿಎ ಪ್ಯಾನೆಲ್ ಆದ್ದರಿಂದ ಎರಡು ತುದಿಗಳಲ್ಲಿ ಬಣ್ಣ ಸ್ವಲ್ಪ ತೊಳೆದ ಹಾಗಿರುತ್ತದೆ. ಅದಕ್ಕೇ ಮುಖಪುಟದ ಕೆಲಸಕ್ಕೆ ಹಳೆಯ 24 ಇಂಚನ್ನು ಮಾರದೆ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದೇನೆ, ತಿಂಗಳಿಗೆ ನಾಲ್ಕೈದು ಸಲ ಹಚ್ಚುತ್ತೇನೆ. 22 ಇಂಚು ಎದುರು ಮನೆ ಹುಡುಗನ ಓದಿಗೆ ಹೋಯಿತು. 19 ಇಂಚಿನ ಚೌಕದ್ದಕ್ಕೆ ಎಸ್.ಪಿ. ರಸ್ತೆಯಲ್ಲಿ 300 ರೂಪಾಯಿ ಕೊಡುತ್ತೇವೆ ಎಂದರು. ಆಟೋಗೇ ಅದಕ್ಕಿಂತ ಜಾಸ್ತಿ ಆಗಿತ್ತು. ವಾಪಸ್ ತಂದು ಮಂಚದ ಕೆಳಗೆ ಇಟ್ಟಿದ್ದೇನೆ.