ನೀಲಿ ಹೊಗೆ ಕಂಡ ಕೂಡಲೇ ಟರ್ಬೊ ಬಿಚ್ಚಬೇಡಿ

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಸ್ಪೋರ್ಟ್ಸ್ ಕಾರಿನ ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಸಾಕು, 'ಟರ್ಬೊ ಹೋಯ್ತು' ಅಂತ ತೀರ್ಮಾನ ಆಗಿಬಿಡುತ್ತದೆ. ಹೊಸ ಟರ್ಬೊ ಕೂರುತ್ತದೆ. ಸ್ವಲ್ಪ ದಿನಕ್ಕೆ ಅದೇ ಹೊಗೆ ಮತ್ತೆ ಶುರು. ಇದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಬಿಚ್ಚಿ ಎಸೆದ ಹಳೇ ಟರ್ಬೊ ಚೆನ್ನಾಗಿಯೇ ಇತ್ತು ಅಂತ ಆಮೇಲೆ ಗೊತ್ತಾದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅದಕ್ಕೇ ಪೆಟ್ರೋಲ್ ಎಂಜಿನ್ ಇಟ್ಟುಕೊಂಡವರು ಈ ಕ್ರಮದಲ್ಲಿ ನೋಡಿ. ಟರ್ಬೊ ಸರದಿ ಕೊನೆಗೆ ಬರಲಿ.

1. ಆಯಿಲ್ ಮಟ್ಟ

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ ತೆಗೆದು ನೋಡಿ. ಮೇಲಿನ ಗೆರೆ ದಾಟಿದ್ದರೆ ಜಾಸ್ತಿ ಆಗಿರುವುದನ್ನು ಇಳಿಸಿ. ಕೆಲವು ಕಾರಿನ ಹೊಗೆ ಇಷ್ಟಕ್ಕೇ ನಿಲ್ಲುತ್ತದೆ.

2. ಬಣ್ಣ

ಬಯಲಿನಲ್ಲಿ, ಹಗಲು ಬೆಳಕಿನಲ್ಲಿ ನೋಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬರುವ ತೆಳು ಬಿಳಿ ಹೊಗೆಗೆ ಹೆದರಬೇಕಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ತಣ್ಣಗಿನ ಸೈಲೆನ್ಸರ್‌ನಲ್ಲಿ ಕಾಣುವುದು ಅದರ ಆವಿ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸಿಹಿ ವಾಸನೆ, ಜೊತೆಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿಯುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಮೇಲೆ ಅನುಮಾನ ಪಡಿ. ಟರ್ಬೊಗೂ ಕೂಲಂಟ್ ಹರಿಯುವ ಕಾರಾದರೆ ಅಲ್ಲಿಂದಲೂ ಸೋರಬಹುದು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ.

ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಆಕ್ಸಿಲರೇಟರ್ ಒತ್ತಿದಾಗ ಕಪ್ಪು ಹೊಗೆ, 'ಸುಸ್' ಶಬ್ದ, ಎಳೆತ ಕಮ್ಮಿ, ಮೂರೂ ಒಟ್ಟಿಗೆ ಇದ್ದರೆ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಹೋಸ್‌ಗಳ ಕ್ಲಾಂಪ್ ಮೊದಲು ನೋಡಿ. ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಒಳಬಂದ ಗಾಳಿಯನ್ನು ಮೊದಲೇ ಅಳೆದು, ಅದಕ್ಕೆ ತಕ್ಕ ಪೆಟ್ರೋಲ್ ಬಿಡಲಾಗುತ್ತದೆ. ಗಾಳಿ ದಾರಿಯಲ್ಲೇ ಸೋರಿಹೋದರೆ ಪೆಟ್ರೋಲ್ ಮಿಕ್ಕುತ್ತದೆ, ಅಲ್ವಾ? ಸಡಿಲವಾದ ಒಂದು ಕ್ಲಾಂಪ್ ಬಿಗಿ ಮಾಡುವ ಬದಲು ಸುಮ್ನೆ ಸೆನ್ಸರ್‌ಗಳನ್ನೆಲ್ಲ ಬದಲಿಸುವವರಿದ್ದಾರೆ. ಹಾಗೆ ಮಾಡಬೇಡಿ.

ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ನಿಜವಾದ ಕೆಲಸ ಇಲ್ಲಿಂದ ಶುರು.

3. ನೀಲಿ ಹೊಗೆ ಯಾವಾಗ ಬರುತ್ತದೆ?

ಆಯಿಲ್ ಉರಿಯುತ್ತಿದೆ ಅಂತ ಬಣ್ಣ ಹೇಳುತ್ತದೆ. ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಹೊಗೆ ಬರುವ ಹೊತ್ತನ್ನು ನೋಡಬೇಕು. ಎರಡು ಮೂರು ದಿನ ಗಮನಿಸಿ, ಚೀಟಿಯಲ್ಲಿ ಬರೆದಿಡಿ. ನೆನಪನ್ನು ನಂಬಬೇಡಿ.

ರಾತ್ರಿಯಿಡೀ ನಿಂತ ಕಾರು ಸ್ಟಾರ್ಟ್ ಆದಾಗ ಒಂದು ಬುಗ್ಗೆ ಬಂದು ನಿಂತರೆ, ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ಸೀಲ್) ಸವೆದಿರಬಹುದು. ಆದರೆ ಸುಬಾರು, ಪೋರ್ಷೆ 911 ತರಹದ ಬಾಕ್ಸರ್ ಎಂಜಿನ್‌ಗಳಲ್ಲಿ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ. ನಿಂತಾಗ ಸ್ವಲ್ಪ ಆಯಿಲ್ ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ದಾಟಿ ಒಳಗೆ ಜಿನುಗುತ್ತದೆ. ಆ ಎಂಜಿನ್‌ಗಳಲ್ಲಿ ಅಪರೂಪಕ್ಕೆ ಹೀಗೆ ಒಂದು ಬುಗ್ಗೆ ಬಂದರೆ ಅದು ರೋಗವಲ್ಲ.

ಗೇರ್‌ನಲ್ಲೇ ಆಕ್ಸಿಲರೇಟರ್ ಬಿಟ್ಟು ಉದ್ದದ ಇಳಿಜಾರು ಇಳಿದು, ಮತ್ತೆ ಒತ್ತಿದಾಗ ಬಂದರೆ ಅದೂ ವಾಲ್ವ್ ಸೀಲ್ ಅಥವಾ ಗೈಡ್ (ವಾಲ್ವ್ ಜಾರುವ ಕೊಳವೆ) ಕಡೆಗೇ ಬೆರಳು ತೋರಿಸುತ್ತದೆ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಷ್ಟೂ ಹೊಗೆ ಏರಿದರೆ ಪಿಸ್ಟನ್ ರಿಂಗ್ ಅಥವಾ ಕಟ್ಟಿಕೊಂಡ ಬ್ರೀದರ್ (ಎಂಜಿನ್ ಒಳಗಿನ ಒತ್ತಡ ಹೊರಹೋಗುವ ದಾರಿ) ಇರಬಹುದು. ಸಿಗ್ನಲ್‌ನಲ್ಲಿ ಕೆಲವು ನಿಮಿಷ ಐಡಲ್‌ನಲ್ಲಿ ನಿಂತು, ಹೊರಡುವಾಗ ದೊಡ್ಡ ಮೋಡ ಎದ್ದರೆ ಟರ್ಬೊದಿಂದ ಆಯಿಲ್ ಸೋರುವ ಸಾಧ್ಯತೆ ಹೆಚ್ಚು.

ಗಮನಿಸಿ, ಟರ್ಬೊದಿಂದ ಸೋರುತ್ತಿದೆ ಅಂದೆ. ಟರ್ಬೊ ಕೆಟ್ಟಿದೆ ಅನ್ನಲಿಲ್ಲ.

4. ಡ್ರೈನ್ ಪೈಪ್ ಮತ್ತು ಬ್ರೀದರ್

ಎಡವುವುದು ಹೆಚ್ಚಾಗಿ ಇಲ್ಲೇ. ಟರ್ಬೊ ಒಳಗಿನ ಸೀಲ್ ಅಂದರೆ ರಬ್ಬರ್ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದು ಪಿಸ್ಟನ್ ರಿಂಗ್‌ನಂಥ ಸಣ್ಣ ಲೋಹದ ಬಳೆ. ಅದೊಂದೇ ಆಯಿಲನ್ನು ತಡೆದು ನಿಲ್ಲಿಸುವುದಿಲ್ಲ. ಆಯಿಲ್ ತನ್ನ ಭಾರಕ್ಕೆ ತಾನೇ ಸರಾಗವಾಗಿ ಕೆಳಗೆ ಇಳಿಯಬೇಕು, ಕೆಳಗಿನ ಕ್ರ್ಯಾಂಕ್‌ಕೇಸ್‌ನಲ್ಲಿ (ಎಂಜಿನ್‌ನ ತಳಭಾಗದ ಕೋಣೆಯಲ್ಲಿ) ಒತ್ತಡ ಇರಬಾರದು. ಎರಡರಲ್ಲಿ ಒಂದು ತಪ್ಪಿದರೂ ಹೊಚ್ಚ ಹೊಸ ಟರ್ಬೊ ಕೂಡ ಆಯಿಲ್ ಕಕ್ಕುತ್ತದೆ.

ಆದ್ದರಿಂದ ಟರ್ಬೊದಿಂದ ಆಯಿಲ್ ಕೆಳಗೆ ಇಳಿಯುವ ಡ್ರೈನ್ ಪೈಪ್ ಬಿಚ್ಚಿ, ಈ ತುದಿಯಿಂದ ಆ ತುದಿಗೆ ಬೆಳಕು ಬಿಟ್ಟು ನೋಡಿ. ಒಳಗೆ ಸುಟ್ಟು ಕರಕಲಾದ ಆಯಿಲ್ ಕಟ್ಟಿರಬಹುದು. ಪೈಪ್ ಎಲ್ಲಾದರೂ ಮಡಚಿದೆಯಾ, ನಡುವೆ ಮೇಲೆದ್ದು ಆಮೇಲೆ ಇಳಿಯುತ್ತಿದೆಯಾ ನೋಡಿ. ಅದು ಉದ್ದಕ್ಕೂ ಇಳಿಜಾರಾಗಿಯೇ ಇರಬೇಕು. ಗ್ಯಾಸ್ಕೆಟ್ ಜಾಗದಲ್ಲಿ ಸಿಲಿಕೋನ್ ಪೇಸ್ಟ್ ಮೆತ್ತಿರುವುದನ್ನೂ ಬೇಕಾದಷ್ಟು ನೋಡಿದ್ದೇನೆ. ಬೋಲ್ಟ್ ಬಿಗಿ ಮಾಡಿದಾಗ ಪೇಸ್ಟ್ ಒಳಕ್ಕೆ ಉಕ್ಕಿ ದಾರಿಯನ್ನು ಅರ್ಧ ಮುಚ್ಚುತ್ತದೆ. ಇಲ್ಲಿ ಸರಿಯಾದ ಗ್ಯಾಸ್ಕೆಟ್ ಮಾತ್ರ ಹಾಕಿ. ಪೇಸ್ಟ್ ಬೇಡವೇ ಬೇಡ.

ಬ್ರೀದರ್ ಪರೀಕ್ಷೆ ಸುಲಭ. ಬಿಸಿ ಎಂಜಿನ್ ಐಡಲ್‌ನಲ್ಲಿ ಓಡುತ್ತಿರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಗಿಂತ ಸಾಕಷ್ಟು ದೊಡ್ಡದಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹಿಡಿದು ಮೇಲಿಡಿ. ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಒಳ್ಳೆಯದು. ಬಲೂನಿನ ಹಾಗೆ ಉಬ್ಬಿದರೆ ಒಳಗೆ ಒತ್ತಡ ಕೂತಿದೆ. ಆ ಒತ್ತಡವನ್ನು ಹೊರಬಿಡುವ ಪಿಸಿವಿ ವಾಲ್ವ್ ಬದಲಿಸಿ, ಬ್ರೀದರ್ ಹೋಸ್‌ಗಳನ್ನು ತೊಳೆದು ಮತ್ತೆ ನೋಡಿ. ಪಿಸಿವಿ ವಾಲ್ವ್ ಟರ್ಬೊಗಿಂತ ಎಷ್ಟೋ ಅಗ್ಗ.

5. ಇನ್ನೂ ಉಬ್ಬುತ್ತಿದ್ದರೆ ಕಂಪ್ರೆಷನ್ ಟೆಸ್ಟ್

ಸಿಲಿಂಡರ್ ಒಳಗೆ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವ ಪರೀಕ್ಷೆ ಇದು. ಎಲ್ಲ ಸ್ಪಾರ್ಕ್ ಪ್ಲಗ್ ತೆಗೆದು, ಇಂಧನ ಮತ್ತು ಇಗ್ನಿಷನ್ ನಿಲ್ಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಅಳೆಯಿರಿ. ಒಂದು ಸಿಲಿಂಡರ್ ಮಾತ್ರ ಬಹಳ ಕೆಳಗಿದ್ದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ನೋಡಿ. ತೆಗೆದ ಪ್ಲಗ್‌ಗಳನ್ನೂ ಸಾಲಾಗಿ ಇಡಿ. ಯಾವುದು ಆಯಿಲ್‌ನಲ್ಲಿ ಒದ್ದೆಯಾಗಿದೆಯೋ ಆ ಸಿಲಿಂಡರಿಗೆ ಆಯಿಲ್ ಇಳಿಯುತ್ತಿದೆ.

ಇಲ್ಲಿ ಒಂದು ಮಾತು. 'ಹೊಗೆ ನಿಲ್ಲಿಸುತ್ತದೆ' ಅಂತ ಮಾರುವ ಬಾಟಲಿ ದ್ರವಗಳನ್ನು ಟರ್ಬೊ ಎಂಜಿನ್‌ಗೆ ಸುರಿಯಬೇಡಿ. ಅವುಗಳಲ್ಲಿ ಹೆಚ್ಚಿನವು ಆಯಿಲನ್ನು ಪಾಕದ ಹಾಗೆ ಗಟ್ಟಿ ಮಾಡುತ್ತವೆ. ನಿಮಿಷಕ್ಕೆ 1,00,000 ಸುತ್ತು ದಾಟುವ ಟರ್ಬೊ ಶಾಫ್ಟ್ ತೆಳ್ಳನೆಯ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಅದಕ್ಕೆ ಆಯಿಲ್ ಬರುವ ದಾರಿಯೂ ಕಿರಿದು. ಕೈಪಿಡಿಯಲ್ಲಿ ಹೇಳಿದ ಗ್ರೇಡ್ ಬಿಟ್ಟು ಬೇರೆ ಏನೂ ಬೇಡ.

6. ಈಗ ಟರ್ಬೊ

ಎಂಜಿನ್ ತಣ್ಣಗಾದ ಮೇಲೆ ಟರ್ಬೊಗೆ ಗಾಳಿ ಒಳಬರುವ ಪೈಪ್ ಬಿಚ್ಚಿ, ಒಳಗೆ ಕಾಣುವ ಟರ್ಬೊ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಬುಷ್ ಬೇರಿಂಗ್ (ಗುಂಡುಗಳಿಲ್ಲದ ಬೇರಿಂಗ್) ಟರ್ಬೊದಲ್ಲಿ ಅಕ್ಕಪಕ್ಕ ತುಸು ಅಲುಗಾಟ ಇದ್ದೇ ಇರುತ್ತದೆ, ಗಾಬರಿ ಬೇಡ. ಆದರೆ ಹಿಂದೆ ಮುಂದೆ ಎಳೆದು ತಳ್ಳಿದಾಗ ಅಲುಗಾಟ ಕೈಗೆ ಚೆನ್ನಾಗಿ ಸಿಕ್ಕಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಂಡರೆ, ಟರ್ಬೊ ಬದಲಿಸಲೇಬೇಕು. ಜೊತೆಗೆ ಟರ್ಬೊಗೆ ಆಯಿಲ್ ತರುವ ಫೀಡ್ ಪೈಪನ್ನೂ ಹೊಸದು ಹಾಕಿ. ಹಳೆಯದರೊಳಗಿನ ಕರಕಲು ಹೊಸ ಬೇರಿಂಗನ್ನು ತಿಂದುಹಾಕುತ್ತದೆ.

ರಿಪೇರಿ ಮುಗಿದ ಮೇಲೂ ಸ್ವಲ್ಪ ದೂರ ಹೊಗೆ ಬರಬಹುದು. ಇಂಟರ್‌ಕೂಲರ್‌ನಲ್ಲಿ, ಸೈಲೆನ್ಸರ್‌ನಲ್ಲಿ ನಿಂತ ಹಳೇ ಆಯಿಲ್ ಉರಿದು ಮುಗಿಯಬೇಕು. ಇಂಟರ್‌ಕೂಲರ್ ಬಿಚ್ಚಿ ತೊಳೆದಿದ್ದರೆ ಇದು ಬೇಗ ನಿಲ್ಲುತ್ತದೆ. ಹೊಗೆ ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದ್ದರೆ ಓಡಿಸುತ್ತಾ ಇರಿ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಕಮ್ಮಿಯೇ ಆಗದಿದ್ದರೆ ಡ್ರೈನ್ ಪೈಪನ್ನು ಇನ್ನೊಮ್ಮೆ ಬಿಚ್ಚಿ.