ಡಾಂಬರು ಎಷ್ಟು ಬಾಳುತ್ತದೆ: ಲ್ಯಾಬ್‌ನಲ್ಲಿ ನಾನು ನೋಡುವ ರೀತಿ

ಚಿಕ್ಕಬಳ್ಳಾಪುರದ ಕಡೆ ರಸ್ತೆ ಕೆಲಸದ ಲ್ಯಾಬ್‌ನಲ್ಲಿ ಡಾಂಬರು ಮಿಕ್ಸ್ ಪರೀಕ್ಷೆ ಮಾಡುವುದು ನನ್ನ ಕೆಲಸ. ನಮ್ಮ ಕ್ರಷರ್‌ಗಳಿಂದ ಬರುವ ಜಲ್ಲಿ ಹೆಚ್ಚಾಗಿ ಗ್ರಾನೈಟ್ ಜಾತಿಯದು. ಗಟ್ಟಿ ಕಲ್ಲು, ಅನುಮಾನವೇ ಇಲ್ಲ. ಆದರೆ ಸಿಲಿಕಾ ಜಾಸ್ತಿ ಇರುವ ಕಲ್ಲಿಗೆ ಡಾಂಬರಿಗಿಂತ ನೀರೇ ಚೆನ್ನಾಗಿ ಹಿಡಿಯುತ್ತದೆ. ಮಳೆನೀರು ಒಳಗೆ ಇಳಿದು ನಿಂತರೆ ಡಾಂಬರು ಕಲ್ಲನ್ನು ಬಿಡುತ್ತದೆ, ಜಲ್ಲಿ ಕಿತ್ತು ಬರುತ್ತದೆ, ಆಮೇಲೆ ಗುಂಡಿ.

ಮಾರ್ಷಲ್ ಪರೀಕ್ಷೆ ಎಲ್ಲರೂ ಮಾಡುತ್ತಾರೆ. ಮಿಕ್ಸ್‌ನಿಂದ ಮಾಡಿದ ಬಿಲ್ಲೆಗೆ ಎರಡೂ ಕಡೆ 75 ಪೆಟ್ಟು, 60 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ, ಆಮೇಲೆ ಒತ್ತಿ ಎಷ್ಟು ಭಾರ ತಾಳುತ್ತದೆ ಅಂತ ನೋಡುವುದು. ಆ ಅಂಕಿಯೇ ಸ್ಟೆಬಿಲಿಟಿ. ವಿಜಿ-30 ದರ್ಜೆಯ ಡಾಂಬರು ಹಾಕಿದ ಮಿಕ್ಸ್‌ಗೆ 9 ಕಿಲೋನ್ಯೂಟನ್ ದಾಟಿದರೆ ಪಾಸ್. "ಸ್ಟೆಬಿಲಿಟಿ ಚೆನ್ನಾಗಿ ಬಂದಿದೆಯಲ್ಲ ಸರ್, ಇನ್ನೇನು?" ಅಂತ ಪ್ಲಾಂಟಿನವರು ಕೇಳುತ್ತಾರೆ. ಡಾಂಬರು ಜಾಸ್ತಿ ಕಾದು ಗಡುಸಾದರೂ ಸ್ಟೆಬಿಲಿಟಿ ಏರುತ್ತದೆ, ಅಂಥ ರಸ್ತೆ ಬೇಗ ಬಿರುಕು ಬಿಡುತ್ತದೆ. ಹಾಗಾಗಿ ಆ ಒಂದು ಅಂಕಿ ನೋಡಿ ಬಾಳಿಕೆ ಹೇಳುವುದಕ್ಕೆ ನಾನು ಒಪ್ಪುವುದಿಲ್ಲ.

ನಾನು ನಂಬುವುದು ಟಿಎಸ್‌ಆರ್ ಪರೀಕ್ಷೆಯನ್ನು, ಅಂದರೆ ನೀರು ಕುಡಿದ ಮೇಲೆ ಮಿಕ್ಸ್‌ನ ಬಲ ಎಷ್ಟು ಉಳಿಯುತ್ತದೆ ಅಂತ ನೋಡುವ ಪರೀಕ್ಷೆಯನ್ನು. ಇದಕ್ಕೆ ಬಿಲ್ಲೆಗಳನ್ನು ಬೇಕಂತಲೇ ಸ್ವಲ್ಪ ಸಡಿಲವಾಗಿ, ಸುಮಾರು 7% ಗಾಳಿ ಉಳಿಯುವ ಹಾಗೆ ಮಾಡಬೇಕು. ಅರ್ಧ ಬಿಲ್ಲೆಗಳನ್ನು ಒಣಗಿದ ಹಾಗೇ ಇಡುತ್ತೇನೆ. ಉಳಿದವಕ್ಕೆ ವ್ಯಾಕ್ಯೂಮ್‌ನಲ್ಲಿ ನೀರು ಹಿಡಿಸಿ, ಮೈನಸ್ 18 ಡಿಗ್ರಿಯಲ್ಲಿ 16 ಗಂಟೆ ಹೆಪ್ಪುಗಟ್ಟಿಸಿ, 60 ಡಿಗ್ರಿ ನೀರಿನಲ್ಲಿ 24 ಗಂಟೆ ಬಿಟ್ಟು, ಕೊನೆಗೆ ಎಲ್ಲವನ್ನೂ 25 ಡಿಗ್ರಿಗೆ ತಂದು ಅಡ್ಡಡ್ಡ ಒತ್ತಿ ಸೀಳುತ್ತೇನೆ. ನೀರು ಕುಡಿದ ಬಿಲ್ಲೆಯಲ್ಲಿ ಒಣ ಬಿಲ್ಲೆಯ ಬಲದ 80% ಆದರೂ ಉಳಿದಿರಬೇಕು. ನಮ್ಮೂರಲ್ಲಿ ಹಿಮ ಎಲ್ಲಿ ಬೀಳುತ್ತದೆ ಅಂತ ಕೇಳಬಹುದು. ನಿಜ, ಬೀಳುವುದಿಲ್ಲ. ಆದರೆ ಒಳಗಿನ ನೀರು ಹಿಗ್ಗಿ ಡಾಂಬರನ್ನು ತಳ್ಳುವುದರಿಂದ ಯಾವ ಅಂಟು ಸಡಿಲ ಅನ್ನುವುದು ಬೇಗ ಗೊತ್ತಾಗುತ್ತದೆ.

ಒಡೆದ ಮುಖವನ್ನು ತಪ್ಪದೆ ನೋಡಿ. ಅಲ್ಲಿ ಬರೀ ಕಲ್ಲು ಬೆಳ್ಳಗೆ ಕಂಡರೆ ಅಂಟು ಬಿಟ್ಟಿದೆ ಅಂತ ಅರ್ಥ. ನಮ್ಮ ಜಲ್ಲಿಯ ಒಂದು ಮಿಕ್ಸ್ ಸ್ಟೆಬಿಲಿಟಿಯಲ್ಲಿ ಸುಲಭವಾಗಿ ಪಾಸಾಗಿ ಇಲ್ಲಿ 80ಕ್ಕಿಂತ ಕೆಳಗೆ ಬಿತ್ತು. ಜಲ್ಲಿಪುಡಿಯಲ್ಲಿ ಸ್ವಲ್ಪ ತೆಗೆದು ಆ ಜಾಗಕ್ಕೆ 2% ಅರಳಿದ ಸುಣ್ಣ ಹಾಕಿದ ಮೇಲೆ ದಾಟಿತು.

ಮುಂದೆ ರಸ್ತೆಯ ಆಯಸ್ಸಿನ ಲೆಕ್ಕಕ್ಕೆ ಐಆರ್‌ಸಿ 37 ಇದೆ, ಅದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ರಸ್ತೆ ವಿನ್ಯಾಸದ ಮಾರ್ಗಸೂಚಿ. 2018ರ ಆವೃತ್ತಿಯ ಬಿರುಕಿನ ಸೂತ್ರದಲ್ಲಿ ಗಾಳಿ ಮತ್ತು ಡಾಂಬರಿನ ಪ್ರಮಾಣ ಎರಡೂ ಬರುತ್ತವೆ. ಗಾತ್ರದ ಲೆಕ್ಕದಲ್ಲಿ ಡಾಂಬರು 11% ಇಟ್ಟುಕೊಂಡು, ಬೇರೆಲ್ಲ ಹಾಗೇ ಬಿಟ್ಟು, ಗಾಳಿಯನ್ನು 4ರಿಂದ 7%ಗೆ ಏರಿಸಿ ನೋಡಿ. ಆಯಸ್ಸು ಹತ್ತಿರ ಹತ್ತಿರ ಕಾಲು ಭಾಗಕ್ಕೆ ಇಳಿಯುತ್ತದೆ! ಅಂದರೆ ರೋಲರ್ ಕೆಲಸ ಸರಿಯಾಗದೆ ಒಳಗೆ ಗಾಳಿ ಉಳಿದರೆ ಎಂಥ ಮಿಕ್ಸ್ ಆದರೂ ವ್ಯರ್ಥ, ಅಲ್ವಾ? ಚಳಿಗಾಲದ ಬೆಳಿಗ್ಗೆ ಈ ಕಡೆ ಟಿಪ್ಪರ್‌ನಲ್ಲೇ ಮಾಲು ಆರಿಹೋಗುತ್ತದೆ. ಅದಕ್ಕೇ ಟಾರ್ಪಾಲ್ ಹೊದಿಸದ ಲೋಡ್ ನಾನು ಒಪ್ಪುವುದಿಲ್ಲ. ಹಾಸುವಾಗ 140 ಡಿಗ್ರಿ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ, 90ಕ್ಕೆ ಇಳಿಯುವ ಮೊದಲೇ ರೋಲಿಂಗ್ ಮುಗಿಸಿಸುತ್ತೇನೆ, ಆಮೇಲೆ ರಸ್ತೆ ಕೊರೆದು ತುಂಡು (ಕೋರ್) ತೆಗೆದು ಗಾಳಿ ಎಷ್ಟು ಉಳಿದಿದೆ ಅಂತ ಅಳೆಯುತ್ತೇನೆ.