ಕುಂದಾ ಡಬ್ಬಿ ಬಿಡಿಸಿದ ನನ್ನ ಸ್ಲೈಸ್

ಹನ್ನೊಂದು ವರ್ಷ ಗಾಲ್ಫ್ ಆಟದಲ್ಲಿ ನಾನು ಡ್ರೈವರ್, ಅಂದರೆ ದೂರ ಹೊಡೆಯುವ ಕ್ಲಬ್ (ಗಾಲ್ಫ್ ಕೋಲು) ಎತ್ತಿದರೆ ಸಾಕು, ನಾನು ಹೊಡೆಯುವ ಮೊದಲೇ ಚೀಲ ಹೊರುವ ಕ್ಯಾಡಿ ಹುಡುಗ ಬಲಗಡೆ ಗಿಡಗಳ ಕಡೆ ನಡೆಯುತ್ತಿದ್ದ. "ಸಾಹೇಬ್ರ, ಅಲ್ಲೇ ಬರ್ತೈತ್ರಿ" ಅನ್ನುತ್ತಿದ್ದ. ಚೆಂಡು ಹಾಗೆ ಬಲಕ್ಕೆ ತಿರುಗಿ ಹೋಗೋದಕ್ಕೇ ಸ್ಲೈಸ್ ಅನ್ನೋದು. ಈಗ ಅವನು ಫೇರ್‌ವೇ, ಅಂದರೆ ಹುಲ್ಲು ಕತ್ತರಿಸಿದ ಪಟ್ಟಿಯ ನಡುವೆ ನಿಲ್ಲುತ್ತಾನೆ.

ದುಡ್ಡಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಪುಣೆಯಲ್ಲಿ ಆರು ಪಾಠ, ಹೋಗಿಬರುವ ಖರ್ಚು ಸೇರಿ 22,000 ಆಗಿರಬೇಕು. ಸ್ಲೈಸ್ ಆಗದ ಡ್ರೈವರ್ ಅಂತ ಒಂದಕ್ಕೆ ಹತ್ತಿರ ಹತ್ತಿರ 40,000 ಸುರಿದೆ. ಅದರಲ್ಲೂ ಸ್ಲೈಸ್ ಹೋಗಲಿಲ್ಲ, ಇನ್ನೂ ದೂರ ಹೋಗಿ ಬಿತ್ತು ಅಷ್ಟೇ. ಅರ್ಧ ಬೆಲೆಗೆ ಮಾರಿದೆ. ಕಳೆದುಹೋದ ಚೆಂಡುಗಳ ಲೆಕ್ಕ ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ದೊಡ್ಡ ತಪ್ಪು ಅಂದರೆ ಎಡಕ್ಕೆ ಗುರಿ ಇಟ್ಟು ನಿಲ್ಲುತ್ತಿದ್ದದ್ದು. ಬಲಕ್ಕೆ ಹೋಗುತ್ತದಲ್ಲ, ಎಡಕ್ಕೆ ನಿಂತರೆ ನಡುವೆ ಬೀಳುತ್ತದೆ ಅಂತ ಲೆಕ್ಕ. ಎಡಕ್ಕೆ ತಿರುಗಿದಷ್ಟೂ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತದೆ, ಚೆಂಡು ಇನ್ನೂ ಜಾಸ್ತಿ ತಿರುಗುತ್ತದೆ. ಇಷ್ಟು ತಿಳಿಯೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಚಿರತೆ ಹೊಕ್ಕಿತ್ತಲ್ಲ, ಅದನ್ನು ಹುಡುಕೋಕೆ ಸಕ್ರೆಬೈಲಿನ ಆನೆ ಬಿಡಾರದಿಂದ ಆನೆ ಬೇರೆ ತರಿಸಿದ್ದರು, ಆಗ ಆಟ ಬಂದ್. ಮಳೆ ಬಿಟ್ಟಾಗ ಮಾಳಿಗೆ ಮೇಲೆ ಚೆಂಡಿಲ್ಲದೆ ಸುಮ್ನೆ ಕ್ಲಬ್ ಬೀಸುತ್ತಿದ್ದೆ. ಚೆಂಡು ಇಲ್ಲದಿದ್ದಾಗ ಕೈ ನೋಡೋಕೆ ಪುರುಸೊತ್ತು ಸಿಗುತ್ತದೆ. ನೋಡಿದರೆ ಎಡಗೈಯ ಒಂದೇ ಗೆಣ್ಣು ಕಾಣುತ್ತಿತ್ತು. ಮೂರು ಕಾಣುವಷ್ಟು ಕೈ ಬಲಕ್ಕೆ ತಿರುಗಿಸಿ ಹಿಡಿದೆ. ಗೆಳೆಯ ನಕ್ಕ. "ಐವತ್ತರ ಹತ್ತಿರ ಬಂದಿ, ಇನ್ನ ಕೈ ಬದಲಾಗಂಗಿಲ್ಲ ಬಿಡೋ" ಅಂದ. ಮೈದಾನಕ್ಕೆ ಮರಳಿದ ಮೇಲೆ ಮೂರು ವಾರ ಎಲ್ಲಾ ಹೊಡೆತವೂ ಎಡಕ್ಕೆ ತಿರುಗುವ ಹುಕ್, ಅಂಗೈ ತುಂಬ ಬೊಬ್ಬೆ. ಅವನು ಹೇಳಿದ್ದೇ ನಿಜ ಅನ್ನಿಸಿಬಿಟ್ಟಿತ್ತು.

ಆಮೇಲೆ ಡಬ್ಬಿ. ಖಾಲಿ ಕುಂದಾ ಡಬ್ಬಿಯನ್ನು ಚೆಂಡಿನ ಆಚೆ ಮಗ್ಗುಲಿಗೆ, ನಾಲ್ಕು ಬೆರಳು ಬಿಟ್ಟು, ಸ್ವಲ್ಪ ಹಿಂದಕ್ಕೆ ಇಟ್ಟೆ. ಕ್ಲಬ್ ಹೊರಗಿನಿಂದ ಬಂದರೆ ಡಬ್ಬಿ ಹಾರುತ್ತದೆ. ರಟ್ಟಿನ ಡಬ್ಬಿ, ಕ್ಲಬ್‌ಗೆ ಏನೂ ಆಗಲ್ಲ. ಮೊದಲ ದಿನ ಇಪ್ಪತ್ತಕ್ಕೆ ಹದಿನೇಳು ಸಲ ಹಾರಿತು. ತಿಂಗಳಾದ ಮೇಲೆ ಎರಡೋ ಮೂರೋ.

ನಡುವೆ ಗುದ್ದಲಿ ಕಾವು ಬೀಸಿಯೂ ನೋಡಿದೆ. ದುಂಡಗಿರುತ್ತದೆ, ಫೇಸ್ (ಚೆಂಡಿಗೆ ತಾಗುವ ಮುಖ) ಎತ್ತ ತಿರುಗಿದೆ ಅಂತ ಗೊತ್ತೇ ಆಗಲ್ಲ. ಭುಜ ಹಿಡಿದುಕೊಂಡಿತು, ಅಷ್ಟೇ ಲಾಭ. ವಿಭೂತಿ ಪ್ರಯೋಗ ಮಾತ್ರ ಫಲ ಕೊಟ್ಟಿತು. ಡ್ರೈವರ್ ಮುಖಕ್ಕೆ ವಿಭೂತಿ ಬಳಿದು ಹೊಡೆದರೆ ಚೆಂಡು ತಾಗಿದ ಜಾಗದಲ್ಲಿ ಗುರುತು ಬೀಳುತ್ತದೆ. ನನ್ನದೆಲ್ಲ ಹೀಲ್ ಕಡೆಗೇ, ಅಂದರೆ ಕೋಲು ಸೇರುವ ಬದಿಗೇ. ಹೀಲ್‌ಗೆ ತಾಗಿದರೆ ಸ್ಲೈಸ್ ಇನ್ನೂ ಜಾಸ್ತಿ, ಅಲ್ವಾ? ಅರ್ಧ ಇಂಚು ಹಿಂದೆ ಸರಿದು ನಿಂತೆ. ದೇವರ ಮನೆಯ ಗಟ್ಟಿ ಸವೆದದ್ದು ನೋಡಿ ಅವ್ವ ಚೆನ್ನಾಗಿ ಬೈದಳು.

ಈಗ ಹತ್ತಕ್ಕೆ ಆರೇಳು ಫೇರ್‌ವೇಯಲ್ಲೇ ಇರುತ್ತವೆ. ಮೊದಲು 180 ಗಜ ಹೋಗುತ್ತಿದ್ದದ್ದು ಈಗ 210 ಹೋಗುತ್ತದೆ. ಕ್ಲಬ್ ಕೆಳಕ್ಕೆ ಇಳಿಯುವ ಡೌನ್‌ಸ್ವಿಂಗ್ ಶುರುವಿನಲ್ಲಿ ಬಲ ಮೊಣಕೈಗೆ ಒಂದು ಸಣ್ಣ ಕೆಲಸ ಕೊಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಅದೇ ಗೆಳೆಯ ಈಗ ದಿನಾ ಕೇಳುತ್ತಾನೆ. ಕುಂದಾ ಡಬ್ಬಿ ತಗೊಂಡು ಬಾ, ಹೇಳುತ್ತೇನೆ ಅಂದಿದ್ದೇನೆ. ಖಾಲಿ ಡಬ್ಬಿ ಅಲ್ಲ, ತುಂಬಿದ್ದು.